ವಿದೇಶ ವ್ಯಾಸಂಗ: ಮಕ್ಕಳ ದುಡಿಮೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ನಮ್ಮ ಸದಸ್ಯರಲ್ಲಿ ಅನೇಕರು ಮಕ್ಕಳನ್ನು ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಕಳುಹಿಸುತ್ತಿದ್ದಾರೆ. ಜವಳಿ ವ್ಯಾಪಾರಸ್ಥರೊಬ್ಬರು ಮಗನನ್ನು ಕೆನಡಾಕ್ಕೆ ಕಳುಹಿಸಲು ಸಿದ್ಧಪಡಿಸಿದ ಖರ್ಚಿನ ಅಂದಾಜು ಪಟ್ಟಿಯೊಡನೆ ನಮ್ಮ ಕಚೇರಿಗೆ ಬಂದಿದ್ದರು. ಮೊದಲ ವರ್ಷದ ಶುಲ್ಕವನ್ನು ಅಂಗಡಿಯ ದುಡಿಯುವ ಬಂಡವಾಳದಿಂದ ತೆಗೆಯುವುದು, ಉಳಿದುದನ್ನು ಮಗನೇ ವಾರಕ್ಕೆ 40 ಗಂಟೆ ದುಡಿದು ಹೊಂದಿಸಿಕೊಳ್ಳುವುದು ಎಂಬುದು ಅವರ ಲೆಕ್ಕ. 2023ರಲ್ಲಿ ಅಲ್ಲಿ ಓದುತ್ತಿದ್ದ ಬಂಧುವೊಬ್ಬನು ಹಾಗೆಯೇ ದುಡಿದಿದ್ದನಂತೆ.

ಆ ಬಂಧುವಿನ ಮಾತು ಸುಳ್ಳಲ್ಲ. ಆದರೆ ಕಾಲ ಬದಲಾಗಿದೆ. ಕೆನಡಾದಲ್ಲಿ ಕಾಲೇಜಿನ ಆವರಣದ ಹೊರಗೆ ವಾರಕ್ಕೆ 20 ಗಂಟೆ ದುಡಿಯಬಹುದೆಂಬ ಮಿತಿಯನ್ನು 2022ರ ನವೆಂಬರ್ 15ರಿಂದ 2024ರ ಏಪ್ರಿಲ್ 30ರವರೆಗೆ ತಾತ್ಕಾಲಿಕವಾಗಿ ಸಡಿಲಿಸಲಾಗಿತ್ತು. 2024ರ ನವೆಂಬರ್ 8ರಿಂದ ಈ ಮಿತಿಯನ್ನು ವಾರಕ್ಕೆ 24 ಗಂಟೆಗೆ ನಿಗದಿಪಡಿಸಲಾಗಿದೆ.

ಮುಖ್ಯ ನಿಯಮಗಳು

1. ವಿದ್ಯಾರ್ಥಿಯು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿಗೆ ದಾಖಲಾಗಿರಬೇಕು. ಕೋರ್ಸಿನ ಅವಧಿ ಕನಿಷ್ಠ 6 ತಿಂಗಳಿರಬೇಕು. ಪಾಠಗಳು ಆರಂಭವಾಗುವ ಮೊದಲು ಕೆಲಸಕ್ಕೆ ಸೇರುವಂತಿಲ್ಲ.

2. ಹೊರಗೆ ದುಡಿಯಲು ಅವಕಾಶವಿದೆಯೆಂಬುದು ವ್ಯಾಸಂಗ ಪರವಾನಗಿಯಲ್ಲಿ ನಮೂದಾಗಿರಬೇಕು; ಸಾಮಾಜಿಕ ವಿಮಾ ಸಂಖ್ಯೆಯನ್ನು ಪಡೆದಿರಬೇಕು.

3. ಎರಡು ಕಡೆ ಕೆಲಸ ಮಾಡಿದರೂ ಒಟ್ಟು 24 ಗಂಟೆ ಮೀರಬಾರದು. ಸಂಸ್ಥೆಯು ಘೋಷಿಸಿದ ರಜಾ ಅವಧಿಯಲ್ಲಿ ಪೂರ್ಣಾವಧಿ ದುಡಿಯಬಹುದು. ಆದರೆ ರಜೆಯ ಹಿಂದೆ ಮತ್ತು ಮುಂದೆ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು.

4. ಕಾಲೇಜಿನ ಆವರಣದೊಳಗಿನ ಕೆಲಸಕ್ಕೆ ಗಂಟೆಗಳ ಮಿತಿಯಿಲ್ಲ. ಕೆನಡಾದ ಹೊರಗಿನ ಉದ್ಯೋಗದಾತರಿಗೆ ದೂರದಿಂದಲೇ ಮಾಡುವ ಕೆಲಸವೂ 24 ಗಂಟೆಗಳಲ್ಲಿ ಸೇರುವುದಿಲ್ಲ.

ಈಗ ಲೆಕ್ಕವನ್ನು ನೋಡೋಣ. ಆಂಟೇರಿಯೊ ಪ್ರಾಂತ್ಯದಲ್ಲಿ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ವಾರಕ್ಕೆ 24 ಗಂಟೆಯಂತೆ 422.40 ಡಾಲರ್, ಪಾಠ ನಡೆಯುವ 30 ವಾರಗಳೆಂದು ಹಿಡಿದರೆ 12,672 ಡಾಲರ್. ಆದರೆ 2025ರ ಸೆಪ್ಟೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ, ಕ್ವಿಬೆಕ್ ಪ್ರಾಂತ್ಯವನ್ನು ಹೊರತುಪಡಿಸಿ, ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಮೊತ್ತವೇ 22,895 ಡಾಲರ್. ಶುಲ್ಕ ಹಾಗೂ ಪ್ರಯಾಣ ವೆಚ್ಚ ಇದರಲ್ಲಿ ಸೇರಿಲ್ಲ. ಒಂದು ವಾರವೂ ತಪ್ಪದೆ ಕೆಲಸ ಸಿಕ್ಕರೂ 10,223 ಡಾಲರ್ ಕೊರತೆ ಉಳಿಯುತ್ತದೆ. ರಜೆಯ ದುಡಿಮೆಯಿಂದ ಇದು ತಗ್ಗಬಹುದು. ಆದರೆ ಶುಲ್ಕ ಹುಟ್ಟುವುದಿಲ್ಲ. ಪಿಂಚಣಿ ಮತ್ತು ಉದ್ಯೋಗ ವಿಮೆಯ ಕಡಿತಗಳೂ ಉಂಟು.

ಕೊರತೆ ಕಂಡ ವಿದ್ಯಾರ್ಥಿಯು ಮಿತಿ ಮೀರಿ, ಕೆಲವೊಮ್ಮೆ ನಗದು ಕೂಲಿಗೆ ದುಡಿಯಲು ತೊಡಗುತ್ತಾನೆ. ಅಪಾಯವಿರುವುದು ಇಲ್ಲಿಯೇ. ಷರತ್ತು ಮುರಿದವನು ವಿದ್ಯಾರ್ಥಿಯ ಸ್ಥಾನಮಾನವನ್ನೇ ಕಳೆದುಕೊಳ್ಳಬಹುದು. ಮುಂದೆ ವ್ಯಾಸಂಗದ ಅಥವಾ ಉದ್ಯೋಗದ ಪರವಾನಗಿ ನಿರಾಕೃತವಾಗಬಹುದು. ದೇಶವನ್ನು ಬಿಡಬೇಕಾಗಿಯೂ ಬರಬಹುದು. ಕೆಲವು ನೂರು ಡಾಲರುಗಳ ಆಸೆಗೆ ತಂದೆ ಹೂಡಿದ ಬಂಡವಾಳವೆಲ್ಲ ಮುಳುಗಿದಂತೆ.

ಇತರ ದೇಶಗಳಲ್ಲೂ ಮಿತಿಗಳಿವೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ಪಾಠದ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆ. ಬ್ರಿಟನ್ನಿನಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಅಲ್ಲಿ ವಿದ್ಯಾರ್ಥಿಯು ಸ್ವಂತ ವ್ಯಾಪಾರ ನಡೆಸುವಂತಿಲ್ಲ. ಇಲ್ಲಿಂದ ಸರಕು ಕಳುಹಿಸಿ ಅಲ್ಲಿ ಮಗನಿಂದ ಮಾರಿಸುವ ಯೋಚನೆಯುಳ್ಳವರು ಇದನ್ನು ಮರೆಯಬಾರದು. ಅಮೆರಿಕದ ಎಫ್-1 ವೀಸಾದವರು ಮೊದಲ ಶೈಕ್ಷಣಿಕ ವರ್ಷದಲ್ಲಿ ಆವರಣದ ಹೊರಗೆ ದುಡಿಯುವಂತಿಲ್ಲ. ಅನಂತರವೂ ಪ್ರತ್ಯೇಕ ಅನುಮತಿ ಅಗತ್ಯ.

ನಾವು ಆ ಪಟ್ಟಿಯನ್ನು ಹೊಸದಾಗಿ ಬರೆದೆವು. ಜಮೆಯ ಬದಿಯಲ್ಲಿ ಮಗನ ದುಡಿಮೆಯನ್ನು ಸೊನ್ನೆ ಎಂದು ಹಿಡಿದು, ಕೊರತೆಗೆ ಶಿಕ್ಷಣ ಸಾಲವನ್ನು ತೋರಿಸಿದೆವು. ಪ್ರಯಾಣವನ್ನು ಒಂದು ವರ್ಷ ಮುಂದೂಡಲಾಯಿತು. ಮಗನಿಗೆ ಬೇಸರವಾಯಿತು, ಆದರೆ ಅಂಗಡಿಯ ಬಂಡವಾಳ ಉಳಿಯಿತು. ಅನಿಶ್ಚಿತ ಆದಾಯವನ್ನು ನಂಬಿ ನಿಶ್ಚಿತ ವೆಚ್ಚಕ್ಕೆ ಕೈಹಾಕಬಾರದೆಂಬುದು ವ್ಯಾಪಾರದಲ್ಲಿ ನಾವೆಲ್ಲರೂ ಪಾಲಿಸುವ ಸೂತ್ರ. ಮಕ್ಕಳ ವ್ಯಾಸಂಗಕ್ಕೂ ಅದನ್ನೇ ಅನ್ವಯಿಸಿ, ಅರ್ಜಿ ಸಲ್ಲಿಸುವ ದಿನದ ನಿಯಮಗಳನ್ನು ಆಯಾ ಸರ್ಕಾರದ ಪ್ರಕಟಣೆಯಲ್ಲಿಯೇ ಪರಿಶೀಲಿಸಿಕೊಳ್ಳುವುದು ಒಳಿತು.