ನಿಲ್ಲಿಸುವ ಬಲ

ಚಲಿಸುವ ವಸ್ತುವು ಚಲಿಸುತ್ತಲೇ ಇರುವಂತೆ ಮಾಡುವುದು ಯಾವುದು? ಯಾರನ್ನು ಕೇಳಿದರೂ ‘ಎಳೆಯುವ ಇಲ್ಲವೆ ನೂಕುವ ಬಲ’ ಎಂಬ ಉತ್ತರವೇ ಬರುವುದು. ಎತ್ತುಗಳು ನಿಂತರೆ ಗಾಡಿ ನಿಲ್ಲುತ್ತದೆ. ಅಂಬಿಗನು ಹುಟ್ಟನ್ನು ಎತ್ತಿಟ್ಟರೆ ದೋಣಿಯು ತುಸು ದೂರ ಸಾಗಿ ಸುಮ್ಮನಾಗುತ್ತದೆ. ದಿನನಿತ್ಯದ ಅನುಭವವು ಇಷ್ಟು ಒಮ್ಮತದಿಂದ ನುಡಿಯುವಾಗ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಅರಿಸ್ಟಾಟಲನ ಕಾಲದಿಂದ ಸುಮಾರು ಎರಡು ಸಾವಿರ ವರ್ಷಗಳ ಕಾಲ ಯೂರೋಪಿನ ಪಂಡಿತರಲ್ಲಿ ಬಹುಮಂದಿ ಹೀಗೆಯೇ ನಂಬಿದ್ದರು.

ಇಟಲಿಯ ಗೆಲಿಲಿಯೋ ಓರೆಯಾಗಿಟ್ಟ ಹಲಗೆಯ ತೋಡಿನಲ್ಲಿ ಕಂಚಿನ ಗುಂಡುಗಳನ್ನು ಉರುಳಿಸಿ ಪರೀಕ್ಷಿಸಿದನು. ಇಳಿಜಾರಿನಲ್ಲಿ ಗುಂಡಿನ ವೇಗ ಹೆಚ್ಚುತ್ತದೆ, ಏರಿನಲ್ಲಿ ಕುಗ್ಗುತ್ತದೆ. ಹಾಗಾದರೆ ಏರೂ ಅಲ್ಲದ ಇಳಿಜಾರೂ ಅಲ್ಲದ ನುಣುಪಾದ ಸಮತಲದಲ್ಲಿ ಅದು ಹೆಚ್ಚಲೇಕೆ, ಕುಗ್ಗಲೇಕೆ? ತಡೆಯುವುದೊಂದು ಇಲ್ಲದಿದ್ದರೆ ಗುಂಡು ಉರುಳುತ್ತಲೇ ಇರಬೇಕು. ೧೬೩೮ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಕಾಣುವ ಈ ವಿಚಾರಸರಣಿಯೇ ೧೬೮೭ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯ’ದಲ್ಲಿ ಚಲನೆಯ ಮೊದಲನೆಯ ನಿಯಮವಾಗಿ ಮೈದಾಳಿತು. ಹೊರಗಿನ ಬಲವೊಂದು ಬದಲಿಸದ ಹೊರತು ನಿಂತಿರುವ ವಸ್ತು ನಿಂತೇ ಇರುತ್ತದೆ. ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ. ಗಾಡಿಯನ್ನು ನಿಲ್ಲಿಸುವುದು ಎತ್ತಿನ ಬಲದ ಅಭಾವವಲ್ಲ, ಅಚ್ಚಿನ ಮತ್ತು ನೆಲದ ಘರ್ಷಣೆ. ಘರ್ಷಣೆ ಇಲ್ಲದ ಕಡೆ ನಿಯಮವು ಕಣ್ಣಿಗೇ ಕಾಣುವಂತಿದೆ. ೧೯೭೭ರಲ್ಲಿ ಅಮೆರಿಕದವರು ಹಾರಿಬಿಟ್ಟ ವಾಯೇಜರ್ ೧ ಎಂಬ ನೌಕೆಯು, ಮುಂದಕ್ಕೆ ನೂಕುವ ಯಂತ್ರವೊಂದೂ ಇಲ್ಲದೆ, ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರ್ ವೇಗದಿಂದ ಸೂರ್ಯನನ್ನು ಬಿಟ್ಟು ದೂರ ಸಾಗುತ್ತಲೇ ಇದೆ.

ಈ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಬಹಳ. ನಂಬಿದವರು ಕಡಿಮೆಯೆಂದು ನಮಗೆ ತೋರುತ್ತದೆ. ನಂಬಿದ್ದರೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಮುಂದಿನ ಆಸನದಲ್ಲಿ ಕುಳಿತುಕೊಳ್ಳುವವರು ಇಷ್ಟು ಮಂದಿ ಇರುತ್ತಿರಲಿಲ್ಲ.

ಬಸ್ಸು ತಟಕ್ಕನೆ ನಿಂತಾಗ ಅದರಲ್ಲಿ ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನಿಂದ ಯಾರೋ ನೂಕಿದಂತಾಯಿತು ಎನ್ನುವುದು ವಾಡಿಕೆ. ಯಾರೂ ನೂಕಿಲ್ಲ. ಬಸ್ಸು ನಿಂತಿತು, ಪ್ರಯಾಣಿಕ ನಿಲ್ಲಲಿಲ್ಲ, ಇಷ್ಟೇ. ಬಂಡಿಯೂ ಅದರೊಳಗಿನವರೂ ಒಂದೇ ವಸ್ತುವೆಂದು ನಾವು ಭಾವಿಸುತ್ತೇವೆ. ನ್ಯೂಟನ್ನನ ನಿಯಮಕ್ಕೆ ಅವು ಬೇರೆ ಬೇರೆ. ಕಾರೊಂದು ಮರಕ್ಕೆ ಡಿಕ್ಕಿ ಹೊಡೆದರೆ ಕಾರನ್ನು ಮರ ನಿಲ್ಲಿಸುತ್ತದೆ. ಒಳಗೆ ಕುಳಿತವನನ್ನು ನಿಲ್ಲಿಸುವವರು ಯಾರು? ಯಾವುದಾದರೂ ಒಂದು ನಿಲ್ಲಿಸಲೇಬೇಕು: ಎದೆಗೆ ಕಟ್ಟಿದ ಪಟ್ಟಿ, ಇಲ್ಲವೆ ಎದುರಿನ ಗಾಜು.

ನಿಲ್ಲಿಸುವುದಕ್ಕೆ ಎಷ್ಟು ಬಲ ಬೇಕೆಂಬುದನ್ನು ಎರಡನೆಯ ನಿಯಮ ಹೇಳುತ್ತದೆ. ವೇಗದ ಬದಲಾವಣೆ ಎಷ್ಟು ಥಟ್ಟನೆ ಆಗುವುದೋ ಬಲ ಅಷ್ಟು ಹೆಚ್ಚು. ಲಾರಿಯಿಂದ ಮಂಗಳೂರು ಹೆಂಚನ್ನು ಇಳಿಸುವ ಆಳುಗಳಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ಮೇಲಿನಿಂದ ಎಸೆದ ಹೆಂಚನ್ನು ಹಿಡಿಯುವವನು ಕೈಗಳನ್ನು ಬಿಗಿಯಾಗಿ ಒಡ್ಡುವುದಿಲ್ಲ. ಹೆಂಚಿನೊಡನೆ ಕೈಗಳನ್ನೂ ಕೆಳಗೆ ಹೋಗಗೊಟ್ಟು ಮೆಲ್ಲನೆ ನಿಲ್ಲಿಸುತ್ತಾನೆ. ಹುಲ್ಲಿನ ಬಣವೆಯ ಮೇಲೆ ಬಿದ್ದವನು ಎದ್ದು ಮೈ ಕೊಡವಿಕೊಳ್ಳುವುದೂ, ಅದೇ ಎತ್ತರದಿಂದ ಹಾಸುಗಲ್ಲಿನ ಮೇಲೆ ಬಿದ್ದವನು ಏಳದಿರುವುದೂ ಇದೇ ಕಾರಣದಿಂದ. ಬಿದ್ದ ವೇಗ ಒಂದೇ; ನಿಂತ ದೂರ ಬೇರೆ.

ಇದನ್ನು ಲೆಕ್ಕಕ್ಕೆ ಇಳಿಸೋಣ. ಗಂಟೆಗೆ ೫೪ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೧೫ ಮೀಟರ್. ಹನ್ನೊಂದೂವರೆ ಮೀಟರ್ ಎತ್ತರದ ತೆಂಗಿನ ಮರದ ತುದಿಯಿಂದ ಜಾರಿದವನು ನೆಲ ಮುಟ್ಟುವಾಗ ಪಡೆಯುವ ವೇಗವೂ ಇದೇ. ಈ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ನಿಲ್ಲಿಸುವ ಬಲವು ಸರಾಸರಿಯಾಗಿ ನಮ್ಮ ತೂಕದ ಎಷ್ಟು ಪಟ್ಟು ಎಂಬುದು ಬರುತ್ತದೆ. ಡಿಕ್ಕಿಯಲ್ಲಿ ಕಾರಿನ ಮೂತಿ ನಜ್ಜುಗುಜ್ಜಾಗಿ, ಪಟ್ಟಿಯೂ ತುಸು ಹಿಗ್ಗಿ, ಕುಳಿತವನು ಮುಕ್ಕಾಲು ಮೀಟರ್ ದೂರದಲ್ಲಿ ನಿಂತನೆನ್ನೋಣ. ಆಗ ೧೫ ಪಟ್ಟು. ೬೦ ಕಿಲೋಗ್ರಾಂ ತೂಗುವವನಿಗೆ ೯೦೦ ಕಿಲೋಗ್ರಾಂ ಭಾರ. ಪಟ್ಟಿ ಕಟ್ಟದವನು ನಿಂತುಹೋದ ಕಾರಿನೊಳಗೆ ಮುಂದಕ್ಕೆ ಹಾರಿ, ಗಟ್ಟಿಯಾದ ವಸ್ತುವಿಗೆ ಬಡಿದು ಐದು ಸೆಂಟಿಮೀಟರಿನಲ್ಲಿ ನಿಂತರೆ ಅದು ೨೩೦ ಪಟ್ಟು. ಹದಿಮೂರು ಟನ್ನಿಗೂ ಮೇಲೆ! ವೇಗ ಇಮ್ಮಡಿಯಾದರೆ ತೆಂಗಿನ ಮರ ನಾಲ್ಮಡಿ ಎತ್ತರವಾಗುತ್ತದೆಂಬುದನ್ನು ಹೆದ್ದಾರಿಯಲ್ಲಿ ಹೋಗುವ ವಾಚಕರು ಗಮನಿಸಬೇಕು.

ಹದಿನೈದು ಪಟ್ಟು ಭಾರವನ್ನು ಮನುಷ್ಯದೇಹ ತಾಳಬಲ್ಲುದೆ? ಅಮೆರಿಕದ ವಾಯುಪಡೆಯ ವೈದ್ಯನಾದ ಜಾನ್ ಪಾಲ್ ಸ್ಟಾಪ್ ಇಂತಹ ಪ್ರಶ್ನೆಗೆ ತನ್ನ ಮೈಯಿಂದಲೇ ಉತ್ತರ ಕೊಟ್ಟನು. ೧೯೫೪ರ ಡಿಸೆಂಬರ್ ೧೦ರಂದು, ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ, ಕಂಬಿಗಳ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತು ಗಂಟೆಗೆ ಸುಮಾರು ೧,೦೧೭ ಕಿಲೋಮೀಟರ್ ವೇಗವನ್ನು ಮುಟ್ಟಿ, ೧.೪ ಸೆಕೆಂಡಿನಲ್ಲಿ ನಿಂತನು. ಆ ಕ್ಷಣಗಳಲ್ಲಿ ಅವನ ದೇಹದ ಮೇಲೆ ಬಿದ್ದ ಭಾರವು ಒಂದು ಹಂತದಲ್ಲಿ ಅವನ ತೂಕದ ೪೬ ಪಟ್ಟನ್ನು ಮೀರಿತ್ತು. ಕಣ್ಣುಗಳಲ್ಲಿ ರಕ್ತ ಒಸರಿ ಕೆಲ ಹೊತ್ತು ನೋಟವೇ ಇಲ್ಲವಾಯಿತು, ಬಳಿಕ ಮರಳಿತು. ೧೯೯೯ರಲ್ಲಿ ತೀರಿಕೊಂಡಾಗ ಆತನಿಗೆ ೮೯ ವಯಸ್ಸು. ಬಲವು ಅಗಲವಾಗಿ ಹರಡಿ, ಗಟ್ಟಿ ಎಲುಬುಗಳ ಮೇಲೆ ಬಿದ್ದರೆ ದೇಹವು ಅಚ್ಚರಿಯಷ್ಟು ತಾಳಿಕೊಳ್ಳುತ್ತದೆ. ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೊ ಕಾರ್ಖಾನೆಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನು ರೂಪಿಸಿದ ಪಟ್ಟಿಯ ತತ್ತ್ವವೂ ಇದೇ. ಅದು ಹೆಗಲು, ಎದೆ, ಸೊಂಟಗಳನ್ನು ಮೂರು ಕಡೆ ಬಿಗಿದು ಹಿಡಿಯುತ್ತದೆ. ಇತರ ಕಾರ್ಖಾನೆಗಳೂ ಅದನ್ನು ಬಳಸಿಕೊಳ್ಳಲೆಂದು ವೋಲ್ವೊದವರು ಅದರ ಹಕ್ಕನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ವ್ಯಾಪಾರದ ಚರಿತ್ರೆಯಲ್ಲಿ ಇಂತಹ ಸಂಗತಿಗಳು ಹೆಚ್ಚಿಲ್ಲ.

ಇನ್ನು ಮಡಿಲಿನ ಕೂಸು. ಅದರ ತೂಕ ೧೦ ಕಿಲೋಗ್ರಾಂ. ಮೇಲೆ ಹೇಳಿದ ಡಿಕ್ಕಿಯಲ್ಲಿ, ತಾಯಿ ಪಟ್ಟಿ ಕಟ್ಟಿಕೊಂಡಿದ್ದರೂ, ಕೂಸನ್ನು ಹಿಡಿದು ನಿಲ್ಲಿಸಲು ಅವಳ ತೋಳುಗಳು ೧೫೦ ಕಿಲೋಗ್ರಾಂ ಭಾರವನ್ನು ತಡೆಯಬೇಕು. ಮೂರು ಮೂಟೆ ಅಕ್ಕಿಯ ತೂಕ! ಅದೂ ಸೆಕೆಂಡಿನ ಹತ್ತರಲ್ಲೊಂದು ಪಾಲಿನೊಳಗೆ, ತೋಳು ಬಿಗಿಹಿಡಿಯಬೇಕೆಂಬ ಯೋಚನೆ ಹುಟ್ಟುವ ಮೊದಲೇ. ಇದು ಮಮತೆಯಿಂದ ಆಗುವ ಕೆಲಸವಲ್ಲ. ತಾಯಿ ಪಟ್ಟಿ ಕಟ್ಟಿರದಿದ್ದರೆ ಸ್ಥಿತಿ ಇನ್ನೂ ಕಠೋರ: ಕೂಸು ಮುಂದೆ, ಅದರ ಹಿಂದೆ ಅದೇ ವೇಗದಲ್ಲಿ ಬರುವ ತಾಯಿಯ ದೇಹ. ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕುಳಿತವರೂ ಹೀಗೆಯೇ ಮುಂದಿನವರ ಬೆನ್ನಿಗೆ ಎರಗುತ್ತಾರೆ. ಆಗ ಮೂರನೆಯ ನಿಯಮದಂತೆ ಇಬ್ಬರಿಗೂ ತಗಲುವ ಬಲ ಸಮಸಮ.

ಭಾರತದ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಮಾಡಿದ ತಿದ್ದುಪಡಿಯು, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳಿಗೆಂದೇ ಮಾಡಿದ ಆಸನದಿಂದಲೋ ಭದ್ರಪಡಿಸಬೇಕೆಂದು ವಿಧಿಸುತ್ತದೆ. ಹಸುಗೂಸಿನ ಆಸನವನ್ನು ಹಿಂಬದಿಗೆ ಮುಖ ಮಾಡಿ ಹಿಂದಿನ ಸೀಟಿನಲ್ಲಿ ಕೂರಿಸುವುದನ್ನು ಕಂಡು ಕೆಲವರು ನಗುವುದುಂಟು. ಅದಕ್ಕೂ ಕಾರಣವಿದೆ. ಹುಟ್ಟಿದ ಕೂಸಿನ ಉದ್ದದಲ್ಲಿ ನಾಲ್ಕನೆಯ ಒಂದು ಪಾಲು ತಲೆಯೇ. ಕತ್ತು ಇನ್ನೂ ಎಳೆಯದು. ಮುಂದಕ್ಕೆ ಮುಖ ಮಾಡಿದ್ದರೆ ಪಟ್ಟಿಯು ಮೈಯನ್ನು ಹಿಡಿದೀತು, ತಲೆ ಮಾತ್ರ ತನ್ನ ಓಟವನ್ನು ಮುಂದುವರಿಸಿ ಕತ್ತನ್ನು ಜಗ್ಗೀತು. ಹಿಂಬದಿಗೆ ತಿರುಗಿಸಿದಾಗ ತಲೆ, ಕತ್ತು, ಬೆನ್ನು ಮೂರನ್ನೂ ಆಸನದ ಒರಗು ಒಟ್ಟಿಗೆ ಹಿಡಿದು, ಒಂದೇ ವೇಗದಲ್ಲಿ ನಿಲ್ಲಿಸುತ್ತದೆ.