ಕೋಳಿ ಪುಕ್ಕದ ಮಲ್ಚಿಂಗ್ ಪೇಪರ್: ಎಲ್ಲಿಗೆ ಬಂತು, ನಾವೇನು ಮಾಡಬಹುದು?

ಟೊಮ್ಯಾಟೊ ಬೆಳೆ ಮುಗಿದ ಮೇಲೆ ಮಲ್ಚಿಂಗ್ ಪೇಪರ್ ಕಿತ್ತವರಿಗೇ ಗೊತ್ತು ಅದರ ಪಾಡು. ಅರ್ಧ ಕೈಗೆ ಬರುತ್ತೆ, ಉಳಿದರ್ಧ ಚೂರು ಚೂರಾಗಿ ಮಣ್ಣಲ್ಲೇ ಕೂರುತ್ತೆ. ಸುಟ್ಟರೆ ವಿಷದ ಹೊಗೆ. ಹಾಗಾಗಿ ‘ಕೋಳಿ ಪುಕ್ಕದಿಂದ ಮಾಡಿದ, ಮಣ್ಣಲ್ಲೇ ಕರಗೋ ಪೇಪರ್’ ಅಂದ ಕೂಡಲೇ ಕಿವಿ ನೆಟ್ಟಗಾಗೋದು ಸಹಜ.

ಇದು ಬರೀ ಗಾಳಿಮಾತಲ್ಲ. ಪುಕ್ಕದಲ್ಲಿ ಸುಮಾರು ಶೇ. 90ರಷ್ಟು ಇರೋದು ಕೆರಾಟಿನ್ ಅನ್ನೋ ಪ್ರೋಟೀನ್. ನಮ್ಮ ಕೂದಲು, ಉಗುರು, ದನದ ಕೊಂಬಿನಲ್ಲಿರೋದೂ ಇದೇ. ಇದರ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದು ಹಿಡಿದಿರುತ್ತವೆ. ಅದಕ್ಕೇ ಪುಕ್ಕ ನೀರಲ್ಲಿ ಕರಗಲ್ಲ, ಬೇಗ ಕೊಳೆಯೋದೂ ಇಲ್ಲ. ಆ ಬಿಗಿ ಸಡಿಲಿಸಿ, ಗ್ಲಿಸರಿನ್ ಬೆರೆಸಿ, ಬಿಸಿ ಮಾಡಿ ಒತ್ತಿದರೆ ಹಾಳೆಯಾಗುತ್ತೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಜಸ್ಟಿನ್ ಬರೋನ್, ವಾಲ್ಟರ್ ಶ್ಮಿಟ್ 2005ರ ಹೊತ್ತಿಗೇ ಇಂಥ ಹಾಳೆ ಮಾಡಿದ್ದರು.

ತೊಡಕು ಇರೋದು ಹೊಲದಲ್ಲಿ. ಗ್ಲಿಸರಿನ್ ಕಮ್ಮಿಯಾದರೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತೆ, ಜಾಸ್ತಿಯಾದರೆ ಮೆತ್ತಗಾಗಿ ನೀರು ಹೀರುತ್ತೆ. ಕೆಳಗೆ ಡ್ರಿಪ್ ತೇವ, ಮೇಲೆ ಮಳೆ. ಇದರ ನಡುವೆ 25 ಮೈಕ್ರಾನ್‌ನಷ್ಟು ತೆಳ್ಳಗಿದ್ದೂ ಮೂರ್ನಾಲ್ಕು ತಿಂಗಳು ಬಾಳಬೇಕು. ಹಾಗಾಗಿ ಪುಕ್ಕವನ್ನು ಪಿಎಲ್‌ಎ ಥರದ ಜೈವಿಕ ಪ್ಲಾಸ್ಟಿಕ್ ಜೊತೆ ಬೆರೆಸೋ ಪ್ರಯೋಗಗಳೂ ಆಗಿವೆ. ಆದರೆ ಪಿಎಲ್‌ಎ ಕರಗೋಕೆ ಕಾಂಪೋಸ್ಟ್ ಘಟಕದ ಬಿಸಿ ಬೇಕು, ಹೊಲದ ಮಣ್ಣಲ್ಲಿ ತುಂಬಾ ನಿಧಾನ.

ಆದ್ದರಿಂದ ಪುಕ್ಕದ್ದಿರಲಿ, ಜೋಳದ್ದಿರಲಿ, ಯಾರಾದರೂ ‘ಬಯೋ’ ಪೇಪರ್ ಮಾರೋಕೆ ಬಂದರೆ ‘ಮಣ್ಣಲ್ಲೇ ಕರಗುತ್ತಾ, ಎಷ್ಟು ದಿನಕ್ಕೆ?’ ಅಂತ ಕೇಳಿ. ಯುರೋಪಿನ ಇಎನ್ 17033 ಮಾನದಂಡದ ಪ್ರಕಾರ ಮಣ್ಣಲ್ಲಿ ಎರಡು ವರ್ಷದೊಳಗೆ ಶೇ. 90ರಷ್ಟು ಕರಗಬೇಕು. ಆ ಪರೀಕ್ಷೆಯ ಪ್ರಮಾಣಪತ್ರ ತೋರಿಸಲಿ. ‘ಆಕ್ಸೋ’ ಅಂದರೆ ಮುಟ್ಟಬೇಡಿ. ಅದು ಬೇಗ ಪುಡಿಯಾಗೋ ಮಾಮೂಲಿ ಪ್ಲಾಸ್ಟಿಕ್ ಅಷ್ಟೆ. ಯುರೋಪ್ ಒಕ್ಕೂಟ 2021ರಿಂದ ಅದನ್ನು ನಿಷೇಧಿಸಿದೆ.

ಇನ್ನೊಂದು ಮಾತು, ವಿಡಿಯೋ ನೋಡಿ ಮನೇಲಿ ಪುಕ್ಕ ಕರಗಿಸೋ ಸಾಹಸ ಬೇಡವೇ ಬೇಡ. ಅದಕ್ಕೆ ಬಳಸೋ ಸೋಡಿಯಂ ಸಲ್ಫೈಡ್‌ಗೆ ಆಸಿಡ್ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತೆ. ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆಯುತ್ತೆ.

ಪುಕ್ಕ ಬೇಕಿದ್ದರೆ ಗೊಬ್ಬರ ಮಾಡಿ. ಒಣಗಿದ ಪುಕ್ಕದಲ್ಲಿ ಸುಮಾರು ಶೇ. 15 ಸಾರಜನಕ ಇರುತ್ತೆ. ಹಸಿ ಪುಕ್ಕವನ್ನು ನೇರ ಹೊಲಕ್ಕೆ ಸುರಿಯಬೇಡಿ, ರೋಗಾಣು ಇರಬಹುದು, ನಾಯಿಗಳೂ ಎಳೆದಾಡುತ್ತವೆ. ಸಗಣಿ, ಒಣ ಎಲೆ ಜೊತೆ ಪದರ ಪದರವಾಗಿ ಹಾಕಿ, ತೇವ ಕಾಪಾಡಿ, ಮೇಲೆ ಮಣ್ಣು ಮುಚ್ಚಿ. ಗುಡ್ಡೆಯೊಳಗೆ ಕೈಯಿಡಲಾಗದಷ್ಟು ಬಿಸಿ ಏರಬೇಕು. ಆಗಾಗ ತಿರುವಿ ಹಾಕುತ್ತಾ ಇರಿ. ಕೆಲವು ತಿಂಗಳು ಹಿಡಿಯುತ್ತೆ, ದಪ್ಪ ಕಡ್ಡಿಗಳು ಎಲ್ಲಕ್ಕಿಂತ ಕೊನೆಗೆ ಕೊಳೆಯೋದು.