ಕುಡಗೋಲಿನ ಹದ ಯಾವ ಬಾವಿಯ ನೀರಿನಲ್ಲೂ ಇಲ್ಲ

ತೊಗರಿ ರಾಶಿ ಹತ್ತಿರವಾದರೆ ಮುಡಬಿ ಸುತ್ತಲಿನ ಹಳ್ಳಿಗಳಲ್ಲಿ ಕುಡಗೋಲು, ಖುರ್ಪಿ ಹಿಡಿದು ಜನ ಕುಲುಮೆ ಹುಡುಕುತ್ತಾರೆ. ಒಂದು ಕಾಲಕ್ಕೆ ಈ ಕೆಲಸದ ಲೆಕ್ಕ ದುಡ್ಡಿನಲ್ಲಿರಲಿಲ್ಲ. ಕಮ್ಮಾರ ಊರಿನ ಆಯಗಾರರಲ್ಲಿ ಒಬ್ಬ; ವರ್ಷವಿಡೀ ಸಲಕರಣೆ ನೋಡಿಕೊಂಡು ಕಣದಲ್ಲಿ ಜೋಳ ಅಳೆಸಿಕೊಳ್ಳುತ್ತಿದ್ದ. ಯಾರ ಹಿಡಿ ಎಷ್ಟು ದಪ್ಪ, ಯಾರು ಎಡಗೈಯವರು ಎಂಬುದು ಅವನಿಗೆ ಬಾಯಿಪಾಠ. ಇವತ್ತು ನಗರದಲ್ಲಿ ‘ಕಸ್ಟಮ್ ನೈಫ್’ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಮಾರುವುದೂ ಇದೇ ವಿದ್ಯೆ. ಆದರೆ ಚಾಕು, ಕುಡಗೋಲಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ಮಾತುಗಳು ಈ ವಿದ್ಯೆ ಬಲ್ಲವನ ಗಿರಾಕಿಯನ್ನೇ ಕಸಿಯುತ್ತಿವೆ.

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ನೀರಿನದು: ಇಂಥ ಊರಿನ ನೀರಿಗೆ ಅದ್ದಿದರೆ ಅಲಗು ವಜ್ರವಾಗುತ್ತದೆ, ಕಾಸಿ ಅದ್ದಿದರೆ ಯಾವ ಕಬ್ಬಿಣವೂ ಗಟ್ಟಿಯಾಗುತ್ತದೆ ಎಂಬುದು. ಗಟ್ಟಿತನ ಬರುವುದು ಕಬ್ಬಿಣದೊಳಗಿನ ಇಂಗಾಲದಿಂದ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ 0.3ನ್ನು ದಾಟುವುದಿಲ್ಲ, ಅದನ್ನು ಗಂಗೆಯಲ್ಲಿ ಅದ್ದಿದರೂ ಬಾಳುವ ಬಾಯಿ ಬರದು. ಲಾರಿಯ ಕಮಾನು ಪಟ್ಟಿಯಲ್ಲಿ ಇದು ಸುಮಾರು ಶೇ 0.5ರಿಂದ 0.6. ಹುಮನಾಬಾದಿನ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಓಡಿ ಸವೆದ ಲಾರಿಗಳ ಪಟ್ಟಿ ಗುಜರಿಗೆ ಬಿದ್ದರೆ, ತಿಳಿದ ಕಮ್ಮಾರ ಅದನ್ನು ಆರಿಸಿ ತರುತ್ತಾನೆ. ‘ಗುಜರಿ ಕಬ್ಬಿಣ’ ಎಂದು ಮೂಗು ಮುರಿಯುವವರು ಇದನ್ನು ತಿಳಿಯಬೇಕು. ಇಂಥ ಉಕ್ಕಿಗೆ ನೀರಿಗಿಂತ ಎಣ್ಣೆಯೇ ಲೇಸು. ನೀರು ಕಾವನ್ನು ಥಟ್ಟನೆ ಸೆಳೆಯುವುದರಿಂದ ಅಲಗು ಬಿರುಕು ಬಿಡಬಹುದು.

ಅದ್ದಿದ ಕೂಡಲೇ ಕೆಲಸ ಮುಗಿಯಿತು ಎಂಬುದೂ ತಪ್ಪು. ಆಗ ಅಲಗು ಗಾಜಿನಂತೆ ಪೆಡಸು, ಕಲ್ಲಿಗೆ ಬಿದ್ದರೆ ಚೂರು. ಅದನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಸಬೇಕು. 200 ಡಿಗ್ರಿ ದಾಟುತ್ತಲೇ ಒಣಹುಲ್ಲಿನ ಬಣ್ಣ ಮೂಡುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಚಾಕುವಿನ ಬಾಯಿಗೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬೇಕು. ಕುಲುಮೆಯನ್ನು ನೆರಳಲ್ಲಿ, ಅರೆಗತ್ತಲಲ್ಲಿ ಇಡುವುದು ವಿದ್ಯೆ ಮುಚ್ಚಿಡಲಿಕ್ಕೆ ಎನ್ನುವವರಿದ್ದಾರೆ. ಬಿಸಿಲಿನಲ್ಲಿ ಕಾದ ಉಕ್ಕಿನ ಕೆಂಪು ಸರಿಯಾಗಿ ಕಾಣುವುದಿಲ್ಲ, ಅಷ್ಟೇ. ಕಣ್ಣಿನ ಮೇಲೆ ಅನುಮಾನವಾದರೆ ಅಯಸ್ಕಾಂತವಿದೆ: ಸುಮಾರು 770 ಡಿಗ್ರಿಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ತುಸು ಮೇಲೆ ಹೋದಾಗ ಅದ್ದುವ ಹೊತ್ತು.

ಈ ಬಣ್ಣದ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಅಲಗುಗಳು ಸಾಣೆಯಲ್ಲಿ ಸತ್ತಿವೆ. ಯಂತ್ರದ ಸಾಣೆಗೆ ಒತ್ತಿ ಹಿಡಿದು ಕಿಡಿ ಹಾರಿಸಿದರೆ ಚೆನ್ನಾಗಿ ಹರಿತವಾಯಿತು ಎಂದು ನೋಡುವವರಿಗೆ ಖುಷಿ. ಬಾಯಿ ನೀಲಿಗೆ ತಿರುಗಿದರೆ ಅಷ್ಟು ಭಾಗದ ಹದ ಹೋಯಿತೆಂದೇ ಅರ್ಥ, ವಾರದಲ್ಲೇ ಮೊಂಡು. ದಯವಿಟ್ಟು ಆಗಾಗ ನೀರಿಗೆ ಅದ್ದುತ್ತ ಹಿಡಿಯಲು ಹೇಳಿ, ಇಲ್ಲವೇ ಮನೆಯಲ್ಲಿ ಒದ್ದೆ ಕಲ್ಲಿನ ಮೇಲೆ ಮಸೆಯಿರಿ.

ಮಾವಿನಕಾಯಿ, ಈರುಳ್ಳಿ ಹೆಚ್ಚಿದ ಮೇಲೆ ಅಲಗು ಕಪ್ಪಾದರೆ ಮಾಲು ಕಳಪೆ ಎನ್ನುತ್ತಾರೆ. ಕಾಯಿಯ ಹುಳಿ ಉಕ್ಕಿಗೆ ತಾಗಿ ಮೂಡುವ ತೆಳು ಪದರ ಅದು, ಕೆಂಪು ತುಕ್ಕಲ್ಲ. ಒಣಬಟ್ಟೆಯಲ್ಲಿ ಒರೆಸಿ ತೆಂಗಿನೆಣ್ಣೆ ಸವರಿಟ್ಟರೆ ಸಾಕು. ಸ್ಟೀಲ್ ಚಾಕು ಹೊಳೆಯುವುದು ಕನಿಷ್ಠ ಶೇ 10.5 ಕ್ರೋಮಿಯಂ ಇರುವುದರಿಂದ. ಆ ಹೊಳಪಿಗೂ ಹರಿತಕ್ಕೂ ಸಂಬಂಧವಿಲ್ಲ.

ಅಲೆಅಲೆ ಗೆರೆಯ ‘ಡಮಾಸ್ಕಸ್’ ಚಾಕು ಈಗ ಎಲ್ಲೆಲ್ಲೂ ಮಾರಾಟಕ್ಕಿದೆ. ಇದು ಹೊರದೇಶದ ವಿದ್ಯೆ ಎಂದುಕೊಂಡರೆ ನಮ್ಮ ನೆಲಕ್ಕೇ ಅನ್ಯಾಯ. ಹಳೆಯ ಡಮಾಸ್ಕಸ್ ಕತ್ತಿಗಳಿಗೆ ಬೇಕಾದ ಮೂಸೆಯ ಉಕ್ಕು ದಕ್ಷಿಣ ಭಾರತದಿಂದ ಹೋಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರು ಸಿಕ್ಕಿವೆ. ತೆಲಂಗಾಣದ ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಇನ್ನೊಂದು ದೊಡ್ಡ ನೆಲೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದಾಗ ಬಳಸಿದ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ವಿನಿಂದಲೇ ಬಂದಿರಬೇಕು ಎನ್ನುತ್ತಾರೆ ವಿದ್ವಾಂಸರು. ಈಗ ಮಾರುವುದರಲ್ಲಿ ಬಹುಪಾಲು ಅದಲ್ಲ, ಎರಡು ಬಗೆಯ ಉಕ್ಕನ್ನು ಬೆಸೆದು ಮಡಚಿದ್ದು. ಅದೂ ಶ್ರಮದ ಕೆಲಸವೇ. ಕೆಲವಂತೂ ಮೇಲ್ಮೈಗೆ ಕೊರೆದ ಬರೀ ಗೆರೆ. ಉಜ್ಜಿದರೆ ಹೋದವು, ಆ್ಯಸಿಡ್ ಸವರಿದರೂ ಮತ್ತೆ ಮೂಡುವುದಿಲ್ಲ.

ಕೊನೆಗೆ ಪೊಲೀಸರ ಭಯ. ಅಲಗು ಮಾಡಿ ಮಾರುವುದೇ ಅಪರಾಧ ಎಂದು ಹೊಸ ಹುಡುಗರು ಕುಲುಮೆಗೆ ಹೆದರುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ, ಮನೆ ಮತ್ತು ಒಕ್ಕಲುತನದ ಬಳಕೆಗೆಂದೇ ಮಾಡಿದ ವಸ್ತುಗಳನ್ನು ಆಯುಧವೆಂದು ಕರೆಯುವುದಿಲ್ಲ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳಿವೆ. ಅಲ್ಲೂ ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆ ಮಾಡಿದವು ಹೊರಗೆ. ಕಬ್ಬು ಕಡಿಯುವ ಕೊಯ್ತಾ ಎಷ್ಟೇ ಉದ್ದವಿದ್ದರೂ ಅದು ಹೊಲದ ಸಲಕರಣೆ. ಮೊಬೈಲಿನಲ್ಲಿ ತಲವಾರಿನ ಫೋಟೊ ತೋರಿಸಿ ‘ಹಿಂಥಾದ್ದೊಂದು ಮಾಡಿಕೊಡು ಕಾಕಾ’ ಎಂದವರಿಗೆ ಕಮ್ಮಾರ ಆಗುವುದಿಲ್ಲ ಎಂದರೆ, ಅವನಿಗೆ ಬಾರದ ಕೆಲಸ ಎಂದುಕೊಳ್ಳಬೇಡಿ.